ಜೋಡಿಗೂಡು

ನಮ್ಮ ಶಿಡ್ಲಘಟ್ಟದ ಕಡೆ ಕೋಶ ಅಂದರೆ ಯಾರೂ ತಿರುಗಿ ನೋಡರು,
ಗೂಡು ಅನ್ನಬೇಕು.
ಕಾಲೇಜಿನ ಮೊದಲ ದಿನ ಮೇಷ್ಟ್ರು ಹಲಗೆಯ ಮೇಲೆ
ಜೀವಕೋಶ ಅಂತ ಬರೆದಾಗ
ನನ್ನ ಮೂಗಿಗೆ ಬಂದದ್ದು ಬೆಂದ ಹುಳುವಿನ ವಾಸನೆ.

ಈಗ ಚಿಕ್ಕಬಳ್ಳಾಪುರದ ಆಸ್ಪತ್ರೆ, ನೆಲಮಹಡಿ.
ಮೇಣದಲ್ಲಿ ಹುದುಗಿಸಿದ ಮಾಂಸವನ್ನು
ಈರುಳ್ಳಿ ಪೊರೆಗಿಂತ ತೆಳ್ಳಗೆ ಸೀಳುವುದು ನನ್ನ ಕಸುಬು.
ಡಾಕ್ಟರಿಗಿಂತ ಮೊದಲು ಒಮ್ಮೆ ನೋಡಿಬಿಡುತ್ತೇನೆ.
ನೋಡಬಾರದು. ಆದರೂ.

ಗಾಜಿನ ಮೇಲೆ ಬರೀ ನಂಬರು.
ಚೀಟಿಯಲ್ಲಿ: ಪಿಳ್ಳಮುನಿಯಮ್ಮ, ಐವತ್ತೆಂಟು, ಎಡಗೆನ್ನೆ.

ಗೊತ್ತು ಆ ಕೆನ್ನೆ.
ಅಬ್ಬಾನ ಫಿಲೇಚರಿನಲ್ಲಿ ಮೂರನೇ ಬೇಸಿನ್ನು ಆಕೆಯದು.
ಹೊಗೆಸೊಪ್ಪಿಗೆ ಸುಣ್ಣ ಸವರಿ ಅಲ್ಲೇ ಒತ್ತಿಕೊಂಡು
ಸುಡುನೀರಿಗೆ ಬೆರಳಿಟ್ಟು
ಗೂಡಿನ ಎಳೆಯ ತುದಿ ಹುಡುಕುವಳು.
"ಸಿಕ್ಕಿದಳು ನೋಡು ಕಳ್ಳಿ!"
ಆ ನಗುವಿಗೆ ಕೆನ್ನೆ ಉಬ್ಬುತ್ತಿತ್ತು, ಸೊಪ್ಪಿನ ಜಾಗದಲ್ಲೇ.

ಮಸೂರದಡಿ ನೇರಳೆ, ಗುಲಾಬಿ.
ಬಂದಿದ್ದಾರೆ ಕಾವಲಿನವರು,
ಸಣ್ಣಗೆ, ದುಂಡಗೆ, ಕಡುನೀಲಿ, ಬೇಕಾದಷ್ಟು ಜನ.
ಬಂದು ಗಡ್ಡೆಯ ಅಂಚಿನಲ್ಲೇ ನಿಂತಿದ್ದಾರೆ.

ದನದ ಸಂತೆಯಲ್ಲಿ ಟವಲಿನಡಿ ದಲ್ಲಾಳಿ ಬೆರಳು ಹಿಡಿಯುವಂತೆ
ಗಡ್ಡೆಯ ಕೋಶ ಕೈಚಾಚಿ
ಕಾವಲಿನವನ ಬೆರಳೊತ್ತುತ್ತದಂತೆ.
ಎರಡು ಒತ್ತು, ಒಂದು ಮಡಿಕೆ. ವ್ಯಾಪಾರ ಮುಗಿಯಿತು.
ಕತ್ತಿ ಹಿರಿದು ಬಂದವನು ತೂಕಡಿಸುತ್ತಾನೆ.
ಇದು ಪುಸ್ತಕದಲ್ಲಿ ಓದಿದ್ದು. ಈ ಬಣ್ಣದಲ್ಲಿ ಕಾಣುವುದಿಲ್ಲ.

ಕಂಡದ್ದು ಬೇರೆ.

ಒಂದು ಕೋಶದ ಹೊಟ್ಟೆಯಲ್ಲಿ ಇನ್ನೊಂದು.
ತಿಂದಂತಿಲ್ಲ, ಕರೆದಂತಿದೆ:
ಬಾ, ಒಳಗೆ ಬಾ, ಬಾಗಿಲು ಹಾಕಿಕೋ.
ಹೊರಗಿನದರ ನಡುಬೀಜ ಗೋಡೆಗೆ ಒತ್ತಿ ಅರ್ಧಚಂದ್ರವಾಗಿದೆ,
ಬಸ್ಸಿನಲ್ಲಿ ಬಾಣಂತಿಗೆ ಜಾಗ ಬಿಟ್ಟು ಸರಿದವರ ಹಾಗೆ.
ಒಳಗಿನದು ಆರಾಮಾಗಿದೆ.

ಕಾವಲಿನವನು ಎಂದಾದರೂ ಎಚ್ಚೆತ್ತು ಚುಚ್ಚಿದರೆ
ಸಾಯುವುದು ಹೊರಗಿನದು.
ಗೆದ್ದೆನೆಂದು ಅವನು ಆಚೆ ಹೊರಟ ಮೇಲೆ
ಒಳಗಿನದು ಮೈಮುರಿದು ಹೊರಬರುತ್ತದೆ,
ನಾಲ್ಕನೇ ಜ್ವರ ಬಿಟ್ಟೆದ್ದ ಹುಳುವಿನಷ್ಟು ಹಸಿದು.

ಇಂಥವನ್ನು ಅಬ್ಬಾ ಬುಟ್ಟಿಯಲ್ಲೇ ಗುರುತು ಹಿಡಿಯುತ್ತಿದ್ದ.
ಜೋಡಿಗೂಡು.
ಎರಡು ಹುಳ ಸೇರಿ ಒಂದೇ ಮನೆ ಕಟ್ಟಿದ್ದು.
ನೋಡಲು ದಪ್ಪ, ಕೈಗೆ ಭಾರ,
ಬೇಸಿನ್ನಿಗೆ ಬಿದ್ದರೆ ಎಳೆಗೆ ಎಳೆ ತೊಡರಿ
ಯಾವುದು ಯಾರದ್ದೆಂದು ತಿಳಿಯದೆ ಪಟಪಟ ಹರಿಯುವುದು.
"ಆರಿಸಿ ಬಿಸಾಕು ಬೇಟಿ."
ಪಿಳ್ಳಮುನಿಯಮ್ಮ ಅವನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಳ್ಳುವಳು:
"ಕೂಡಿ ಬದುಕಾಣ ಅಂದ್ಕೊಂಡವು. ಪಾಪ."

ಪಾಪ.
ನಲವತ್ತು ನೋಟಕ್ಕೆ ಹನ್ನೊಂದು ಜೋಡಿ ಎಣಿಸಿದೆ.
ವರದಿಯ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ,
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ.
ನಮ್ಮ ಶಾಲೆಯ ಗೋಡೆ ತುಂಬ ಬರೆದಿದ್ದರು, ಒಗ್ಗಟ್ಟಿನಲ್ಲಿ ಬಲವಿದೆ.
ಯಾರ ಒಗ್ಗಟ್ಟು ಅಂತ ಬರೆದಿರಲಿಲ್ಲ.

ಬೈಯಲು ಹೋದರೆ ಆಕೆಯ ದನಿಯೇ ಅಡ್ಡ ಬರುತ್ತದೆ.
ಅವೂ ಆಕೆಯವೇ ತಾನೆ,
ಆಕೆಯ ಕೆನ್ನೆಯಲ್ಲಿ ಹುಟ್ಟಿದವು,
ಆಕೆ ಉಂಡ ರಾಗಿಮುದ್ದೆ ತಿಂದು ಬೆಳೆದವು.

ಊಟದ ಹೊತ್ತಿಗೆ ಹೊರಬಂದರೆ ಬೆಂಚಿನ ಮೇಲೆ ಕೂತಿದ್ದಾಳೆ,
ಬಾಯಿಗೆ ಸೆರಗು ಒತ್ತಿಕೊಂಡು.
ಬೇಸಿನ್ನು ಬಿಟ್ಟು ಆರು ವರ್ಷ,
ಬೆರಳ ತುದಿ ಇನ್ನೂ ನೆನೆದ ಹಾಗೇ ಬೆಳ್ಳಗೆ.
ಬಾಯಿ ಅರ್ಧವೇ ತೆರೆಯಿತು.
"ತುದಿ ಸಿಕ್ತಾ, ಜಬೀನಾ?"

ನೀರು ಇನ್ನೂ ಕಾಯ್ತಾ ಇದೆ, ಅಂದೆ.